ಸಾನಿಯಾ ಗೆದ್ದದ್ದೇನು?

ಸಾನಿಯಾ ಮಿರ್ಝಾ ಎಂಬ ಹೆಸರು ಕೇಳದವರು ನಮ್ಮ ಕಾಲೇಜಿನಲ್ಲಿ ಇರಲಿಕ್ಕಿಲ್ಲ. ಆದರೆ ಅವರು ಏನು ಗೆದ್ದಿದ್ದಾರೆ ಎಂದು ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ. ಕ್ರೀಡಾ ಕ್ವಿಝ್‌ಗೆ ತಯಾರಿ ನಡೆಸುತ್ತಿದ್ದಾಗ ಗೆಳತಿಯರಿಗೆ ಈ ಪ್ರಶ್ನೆ ಹಾಕಿ ನೋಡಿದೆ. ಒಬ್ಬಳಿಗೆ ಅವರ ಮೂಗುತಿ ನೆನಪಿತ್ತು. ಇನ್ನೊಬ್ಬಳು ಮದುವೆಯ ವಿಷಯ ಎತ್ತಿದಳು. ಮೂರನೆಯವಳು ಉಡುಪಿನ ಬಗ್ಗೆ ಹಿಂದೆ ನಡೆದ ಗದ್ದಲವನ್ನು ಮನೆಯಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದಳು. ವಿಂಬಲ್ಡನ್ ಎಂದವಳು ಒಬ್ಬಳೇ. ಅವಳೂ ತಕ್ಷಣ, "ಸಿಂಗಲ್ಸ್ ಅಲ್ಲ, ಡಬಲ್ಸ್ ಮಾತ್ರ" ಎಂದು ಸೇರಿಸಿದಳು.

ಈ 'ಮಾತ್ರ' ಎಂಬ ಪದದ ಬಗ್ಗೆಯೇ ನನಗೆ ಬರೆಯಬೇಕೆನಿಸಿತು. ಸಾನಿಯಾ ಅವರ ಸಾಧನೆಯ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಆ ಅಂಕಿಗಳ ಅರ್ಥವೇನು, ಅವು ಎಷ್ಟು ಕಷ್ಟದವು ಎಂಬುದು ಪಟ್ಟಿ ನೋಡಿದರೆ ತಿಳಿಯುವುದಿಲ್ಲ. ನಮ್ಮಲ್ಲಿ ಟೆನಿಸ್ ಕೋರ್ಟ್ ಕಂಡವರೇ ಕಡಿಮೆ. ಆದ್ದರಿಂದ ಸ್ವಲ್ಪ ಬುಡದಿಂದಲೇ ಶುರು ಮಾಡುತ್ತೇನೆ. ಆಟ ಗೊತ್ತಿರುವವರು ತಾಳ್ಮೆಯಿಂದ ಓದಬೇಕು.

ಟೆನಿಸ್‌ನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಟೂರ್ನಿಗಳಿವೆ: ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್, ಮೇ-ಜೂನ್‌ನಲ್ಲಿ ಫ್ರೆಂಚ್ ಓಪನ್, ನಂತರ ಲಂಡನ್ನಿನ ವಿಂಬಲ್ಡನ್, ಕೊನೆಗೆ ನ್ಯೂಯಾರ್ಕ್‌ನ ಯುಎಸ್ ಓಪನ್. ಇವನ್ನೇ ಗ್ರ್ಯಾಂಡ್‌ಸ್ಲಾಮ್ ಎನ್ನುವುದು. ಮಹಿಳೆಯರ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ 128 ಮಂದಿ ಆಡುತ್ತಾರೆ, ಪ್ರಶಸ್ತಿಗೆ ಸತತ ಏಳು ಪಂದ್ಯ ಗೆಲ್ಲಬೇಕು. ಮಹಿಳೆಯರ ಡಬಲ್ಸ್‌ನಲ್ಲಿ 64 ಜೋಡಿಗಳು, ಆರು ಪಂದ್ಯ. ಒಬ್ಬ ಪುರುಷ, ಒಬ್ಬ ಮಹಿಳೆ ಜೋಡಿಯಾಗಿ ಆಡುವ ಮಿಶ್ರ ಡಬಲ್ಸ್ ಇನ್ನೂ ಚಿಕ್ಕದು.

ಸಾನಿಯಾ ಹುಟ್ಟಿದ್ದು 1986ರ ನವೆಂಬರ್ 15ರಂದು ಮುಂಬೈಯಲ್ಲಿ, ಬೆಳೆದದ್ದು ಹೈದರಾಬಾದಿನಲ್ಲಿ. ಆರನೇ ವಯಸ್ಸಿಗೆ ರಾಕೆಟ್ ಹಿಡಿದರು. ತಂದೆ ಇಮ್ರಾನ್ ಮಿರ್ಝಾ ಅವರೇ ಬಹುಕಾಲ ಕೋಚ್ ಆಗಿದ್ದರು. ಆ ಕಾಲದಲ್ಲಿ ಭಾರತದ ಹುಡುಗಿಯೊಬ್ಬಳು ಟೆನಿಸನ್ನೇ ವೃತ್ತಿ ಮಾಡಿಕೊಳ್ಳಬಹುದು ಎನ್ನಲು ಕಣ್ಣೆದುರು ಉದಾಹರಣೆಗಳು ಹೆಚ್ಚಿರಲಿಲ್ಲ. 1998ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ತಮಿಳುನಾಡಿನ ನಿರುಪಮಾ ವೈದ್ಯನಾಥನ್ ಒಂದು ಪಂದ್ಯ ಗೆದ್ದರು. ಓಪನ್ ಯುಗದಲ್ಲಿ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ ಭಾರತದ ಮಹಿಳೆಯೊಬ್ಬರು ಪಂದ್ಯ ಗೆದ್ದದ್ದು ಅದೇ ಮೊದಲು. ಒಂದೇ ಒಂದು ಪಂದ್ಯ ಗೆದ್ದರೂ ಅದು ಇತಿಹಾಸ. ಸಾನಿಯಾ ಹೊರಟದ್ದು ಅಲ್ಲಿಂದ.

2003ರಲ್ಲಿ, 16ನೇ ವಯಸ್ಸಿನಲ್ಲಿ, ರಷ್ಯಾದ ಅಲಿಸಾ ಕ್ಲೆಬನೋವಾ ಜೊತೆ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದರು. ನಿಜವಾದ ಸ್ಫೋಟ 2005ರಲ್ಲಿ. ಆ ಜನವರಿ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೂರನೇ ಸುತ್ತಿಗೆ ಬಂದರು. ಎದುರಾಳಿ ಸೆರೆನಾ ವಿಲಿಯಮ್ಸ್. 6-1, 6-4ರಲ್ಲಿ ಸೋತರು. ಆ ಸಲದ ಪ್ರಶಸ್ತಿ ಗೆದ್ದದ್ದು ಅದೇ ಸೆರೆನಾ. ಮುಂದಿನ ತಿಂಗಳು ಊರಿನಲ್ಲೇ ನಡೆದ ಹೈದರಾಬಾದ್ ಓಪನ್‌ನ ಫೈನಲ್‌ನಲ್ಲಿ ಉಕ್ರೇನಿನ ಅಲಿಯೋನಾ ಬೊಂಡರೆಂಕೊ ಅವರನ್ನು ಸೋಲಿಸಿ, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಡಬ್ಲ್ಯುಟಿಎ ಎಂದರೆ ಮಹಿಳೆಯರ ವೃತ್ತಿಪರ ಟೆನಿಸ್ ನಡೆಸುವ ಸಂಸ್ಥೆ. ಬಳಿಕ ದುಬೈಯಲ್ಲಿ, ಹಿಂದಿನ ವರ್ಷದ ಯುಎಸ್ ಓಪನ್ ಚಾಂಪಿಯನ್ ಸ್ವೆಟ್ಲಾನಾ ಕುಜ್ನೆತ್ಸೋವಾ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದರು. ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್‌ನ ನಾಲ್ಕನೇ ಸುತ್ತು ತಲುಪಿ ಮರಿಯಾ ಶರಪೋವಾಗೆ ಸೋತರು. 18ರ ಹುಡುಗಿ. ನಮಗಿಂತ ಒಂದೋ ಎರಡೋ ವರ್ಷ ದೊಡ್ಡವರು ಅಷ್ಟೇ.

2007ರ ಆಗಸ್ಟ್‌ನಲ್ಲಿ ಅವರ ಸಿಂಗಲ್ಸ್ ರ್ಯಾಂಕಿಂಗ್ 27ಕ್ಕೆ ಏರಿತು. 27 ಎಂದರೆ ನಮ್ಮ ಕಿವಿಗೆ ದೊಡ್ಡದೆನಿಸದು. ತರಗತಿಯಲ್ಲಿ 27ನೇ ಸ್ಥಾನ ಎಂದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಆದರೆ ಇದು ಇಡೀ ಜಗತ್ತಿನ ತರಗತಿ. ಅವರಿಗಿಂತ ಮೊದಲು ಭಾರತದ ಯಾವ ಮಹಿಳೆಯೂ ಸಿಂಗಲ್ಸ್‌ನಲ್ಲಿ ಮೊದಲ 100ರೊಳಗೆ ಬಂದಿರಲಿಲ್ಲ. ಅವರು ಆಟ ನಿಲ್ಲಿಸುವವರೆಗೆ ಇನ್ನೊಬ್ಬರು ಬರಲೂ ಇಲ್ಲ. ಅಂದರೆ ಸಾನಿಯಾ ಡಬಲ್ಸ್ ಕಡೆ ತಿರುಗದೇ ಇದ್ದಿದ್ದರೂ, ಇಷ್ಟಕ್ಕೇ ಆಟ ಬಿಟ್ಟಿದ್ದರೂ, ಭಾರತದ ಮಹಿಳಾ ಟೆನಿಸ್‌ನಲ್ಲಿ ಮೊದಲ ಹೆಸರು ಅವರದೇ ಆಗಿರುತ್ತಿತ್ತು.

ಆಮೇಲೆ ಬಲಗೈಯ ಮಣಿಕಟ್ಟು ಕೈಕೊಟ್ಟಿತು. 2008ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯವನ್ನೇ ನೋವಿನಿಂದ ಅರ್ಧಕ್ಕೆ ಬಿಡಬೇಕಾಯಿತು. ಆ ದಿನಗಳಲ್ಲಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ ಎಂದು ಅವರೇ ನಂತರ ಹೇಳಿಕೊಂಡಿದ್ದಾರೆ. ಸಾನಿಯಾ ಅವರ ಬಲವೆಲ್ಲ ಇದ್ದದ್ದು ಫೋರ್‌ಹ್ಯಾಂಡ್ ಹೊಡೆತದಲ್ಲಿ. ಬಲಗೈ ಆಟಗಾರ್ತಿ ಬಲಬದಿಗೆ ಬಂದ ಚೆಂಡನ್ನು ಬೀಸಿ ಹೊಡೆಯುವುದೇ ಫೋರ್‌ಹ್ಯಾಂಡ್. ಅವರ ಹೊಡೆತದಲ್ಲಿ ವೇಗ ಹುಟ್ಟುತ್ತಿದ್ದದ್ದು ಕೊನೆಯ ಗಳಿಗೆಯಲ್ಲಿ ಮಣಿಕಟ್ಟಿನ ತಿರುವಿನಿಂದ. ಯಾವ ಕೀಲು ಅವರನ್ನು ಮೇಲಕ್ಕೆ ಒಯ್ದಿತೋ ಅದೇ ಕೀಲು ಹೋಯಿತು. ಎರಡೂ ಮೊಣಕಾಲುಗಳದ್ದು ಸೇರಿ ಒಟ್ಟು ಮೂರು ಶಸ್ತ್ರಚಿಕಿತ್ಸೆಗಳು. 2012ರ ಬಳಿಕ ಸಿಂಗಲ್ಸ್ ಆಡುವುದನ್ನು ಬಿಟ್ಟರು.

ಇಲ್ಲಿಗೆ ಬಂದಾಗ ಹೆಚ್ಚಿನವರು "ಸಿಂಗಲ್ಸ್ ಆಗಲಿಲ್ಲ, ಡಬಲ್ಸ್‌ಗೆ ಹೋದರು" ಎಂದು ಮುಗಿಸುತ್ತಾರೆ. ಸೈನ್ಸ್ ಬಿಟ್ಟು ಕಾಮರ್ಸ್‌ಗೆ ಬಂದವರ ಬಗ್ಗೆ ಕೆಲವರು ಆಡುವ ದನಿಯೂ ಇದೇ. ಕಾಮರ್ಸ್ ವಿಭಾಗದ ಬೆಂಚಿನಲ್ಲಿ ಕುಳಿತು ಬರೆಯುತ್ತಿರುವ ನನಗೆ ಆ ದನಿಯ ಪರಿಚಯ ಚೆನ್ನಾಗಿದೆ.

ಡಬಲ್ಸ್ ಎಂದರೆ ಸಿಂಗಲ್ಸ್‌ನ ಅರ್ಧ ಭಾಗವಲ್ಲ, ಅದೇ ಒಂದು ಬೇರೆ ಆಟ. ಟೆನಿಸ್ ಕೋರ್ಟಿನ ಉದ್ದ 78 ಅಡಿ. ಸಿಂಗಲ್ಸ್‌ಗೆ ಅಗಲ 27 ಅಡಿ. ಡಬಲ್ಸ್‌ಗೆ ಎರಡೂ ಬದಿ ನಾಲ್ಕೂವರೆ ಅಡಿ ಸೇರಿ 36 ಅಡಿ. ಆಡುವ ಜಾಗ ಹೆಚ್ಚಿತು, ಆದರೆ ಎದುರಿಗೆ ಇಬ್ಬರಿದ್ದಾರೆ. ಅವರಲ್ಲೊಬ್ಬರು ನೆಟ್‌ಗೆ ಅಂಟಿಕೊಂಡು ನಿಂತಿರುತ್ತಾರೆ. ಸಿಂಗಲ್ಸ್‌ನಲ್ಲಿ ನಡುವಿಗೆ ಬಿದ್ದರೂ ನಡೆಯುವಂಥ ಹೊಡೆತ ಇಲ್ಲಿ ನಡೆಯುವುದಿಲ್ಲ. ನೆಟ್ ಬಳಿ ಇರುವವರು ಅದನ್ನು ಗಾಳಿಯಲ್ಲೇ ತಡೆದು ಬಡಿದು ಹಾಕುತ್ತಾರೆ. ಹಾಗಾಗಿ ಸರ್ವ್ ಮರಳಿಸುವಾಗ ಚೆಂಡು ಅವರ ಕೈಗೆ ಸಿಗದಂತೆ ಓರೆಯಾಗಿ, ತಗ್ಗಾಗಿ, ರಭಸದಿಂದ ಹೋಗಬೇಕು. ಯೋಚಿಸಲು ಸಿಗುವ ಸಮಯ ಅರೆ ಕ್ಷಣ. ನಮ್ಮ ಕಾಲೇಜಿನ ಅಂಗಳದಲ್ಲಿ ಶಟಲ್ ಡಬಲ್ಸ್ ಆಡಿದವರಿಗೆ ಇದು ಸ್ವಲ್ಪ ಅರ್ಥವಾದೀತು. ಒಬ್ಬಂಟಿಯಾಗಿ ಚೆನ್ನಾಗಿ ಆಡುವ ಇಬ್ಬರನ್ನು ಜೋಡಿ ಮಾಡಿದರೆ, ಮಧ್ಯೆ ಬಿದ್ದ ಶಟಲ್‌ಗೆ ಇಬ್ಬರೂ ನುಗ್ಗುತ್ತಾರೆ, ಇಲ್ಲವೇ ಇಬ್ಬರೂ ನೋಡುತ್ತಾ ನಿಲ್ಲುತ್ತಾರೆ.

ಸಾನಿಯಾಗೆ ಈ ಆಟ ಏಕೆ ಒಗ್ಗಿತು ಎಂಬುದಕ್ಕೂ ಕಾರಣಗಳಿವೆ. ಅವರ ಆಟದಲ್ಲಿ ದುರ್ಬಲವಾದದ್ದು ಸರ್ವ್ ಮತ್ತು ಕೋರ್ಟಿನ ತುಂಬಾ ಓಡುವುದು. ಸಿಂಗಲ್ಸ್‌ನಲ್ಲಿ ಎರಡು ಗೇಮಿಗೊಮ್ಮೆ ಸರ್ವ್ ಮಾಡಬೇಕು, ಡಬಲ್ಸ್‌ನಲ್ಲಿ ನಾಲ್ಕು ಗೇಮಿಗೊಮ್ಮೆ. ಓಟವೂ ಇಬ್ಬರಿಗೆ ಹಂಚಿಹೋಗುತ್ತದೆ. ಉಳಿಯುವುದು ರಿಟರ್ನ್ ಮತ್ತು ಫೋರ್‌ಹ್ಯಾಂಡ್, ಅಂದರೆ ಅವರಿಗೆ ಜಗತ್ತಿನಲ್ಲೇ ಅತ್ಯುತ್ತಮವಾಗಿ ಬರುತ್ತಿದ್ದ ಎರಡು ವಿದ್ಯೆಗಳು. ತನ್ನ ಶಕ್ತಿ ಯಾವ ಆಟದಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ ಆ ಆಟಕ್ಕೆ ಹೋದದ್ದನ್ನು ನಾನು ಹಿಂದೆ ಸರಿದದ್ದು ಎಂದು ಕರೆಯಲಾರೆ.

ಮೊದಲ ಫಲ ಸಿಕ್ಕಿದ್ದು ಮಿಶ್ರ ಡಬಲ್ಸ್‌ನಲ್ಲಿ. 2008ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮಹೇಶ್ ಭೂಪತಿ ಜೊತೆ ಫೈನಲ್‌ನಲ್ಲಿ ಸೋತವರು 2009ರಲ್ಲಿ ಅದೇ ಜೋಡಿಯಾಗಿ ಮರಳಿ ಬಂದು ಗೆದ್ದರು. ಗ್ರ್ಯಾಂಡ್‌ಸ್ಲಾಮ್ ಗೆದ್ದ ಮೊದಲ ಭಾರತೀಯ ಮಹಿಳೆ. 2012ರಲ್ಲಿ ಭೂಪತಿ ಜೊತೆಗೇ ಫ್ರೆಂಚ್ ಓಪನ್, 2014ರಲ್ಲಿ ಬ್ರೆಝಿಲ್‌ನ ಬ್ರೂನೊ ಸೋರೆಸ್ ಜೊತೆ ಯುಎಸ್ ಓಪನ್. ಮಹಿಳೆಯರ ಡಬಲ್ಸ್‌ನಲ್ಲಿ 2011ರ ಫ್ರೆಂಚ್ ಓಪನ್ ಫೈನಲ್‌ಗೆ ರಷ್ಯಾದ ಎಲೆನಾ ವೆಸ್ನಿನಾ ಜೊತೆ ಬಂದು ಸೋತರು. 2014ರ ಕೊನೆಗೆ ಜಿಂಬಾಬ್ವೆಯ ಕಾರಾ ಬ್ಲ್ಯಾಕ್ ಜೊತೆ, ವರ್ಷದ ಶ್ರೇಷ್ಠ ಜೋಡಿಗಳು ಮಾತ್ರ ಆಡುವ ಡಬ್ಲ್ಯುಟಿಎ ಫೈನಲ್ಸ್ ಗೆದ್ದರು.

ಆಮೇಲೆ ಬಂದವರು ಸ್ವಿಟ್ಜರ್‌ಲೆಂಡಿನ ಮಾರ್ಟಿನಾ ಹಿಂಗಿಸ್. 16ನೇ ವಯಸ್ಸಿಗೇ ಸಿಂಗಲ್ಸ್‌ನಲ್ಲಿ ವಿಶ್ವದ ನಂಬರ್ 1 ಆಗಿದ್ದವರು, ನಿವೃತ್ತಿಯಾಗಿ ಮತ್ತೆ ಆಟಕ್ಕೆ ಮರಳಿದ್ದರು. ಸಾನಿಯಾ ಹಿಂದಿನಿಂದ ಫೋರ್‌ಹ್ಯಾಂಡ್ ಬಾರಿಸಿ ಎದುರಾಳಿಗಳನ್ನು ಒತ್ತಡಕ್ಕೆ ತಳ್ಳುವುದು, ನೆಟ್ ಬಳಿ ಹಿಂಗಿಸ್ ಅದನ್ನು ಮುಗಿಸುವುದು: ಇದು ಇವರ ಸರಳ ಸೂತ್ರ. 2015ರ ಮಾರ್ಚ್-ಏಪ್ರಿಲ್‌ನಲ್ಲಿ ಜೊತೆಯಾಗಿ ಆಡಿದ ಮೊದಲ ಮೂರು ಟೂರ್ನಿಗಳನ್ನೂ, ಅಂದರೆ ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್ ಮೂರನ್ನೂ ಸಾಲಾಗಿ ಗೆದ್ದರು. ಏಪ್ರಿಲ್ 13ರಂದು ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆದರು. ಭಾರತದ ಮಹಿಳೆಯೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು.

ಆ ವರ್ಷದ ವಿಂಬಲ್ಡನ್ ಫೈನಲ್ ಪಂದ್ಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. 2015ರ ಜುಲೈ 11, ಸೆಂಟರ್ ಕೋರ್ಟ್. ಎದುರಿಗೆ ಎಕಟೆರಿನಾ ಮಕರೋವಾ ಮತ್ತು ಎಲೆನಾ ವೆಸ್ನಿನಾ. ನಾಲ್ಕು ವರ್ಷ ಹಿಂದೆ ಪ್ಯಾರಿಸ್‌ನಲ್ಲಿ ಸಾನಿಯಾ ಪಕ್ಕದಲ್ಲಿ ನಿಂತು ಸೋತಿದ್ದ ಅದೇ ವೆಸ್ನಿನಾ. ಮೊದಲ ಸೆಟ್ 5-7ರಲ್ಲಿ ಹೋಯಿತು. ಎರಡನೆಯದನ್ನು ಟೈಬ್ರೇಕರ್‌ನಲ್ಲಿ ಕಷ್ಟಪಟ್ಟು ಗೆದ್ದರು. ನಿರ್ಣಾಯಕ ಮೂರನೇ ಸೆಟ್‌ನಲ್ಲಿ ಸ್ಕೋರ್ 2-5 ಆಯಿತು. ಟೆನಿಸ್‌ನಲ್ಲಿ ಇದರರ್ಥ, ಎದುರಾಳಿಗಳು ಇನ್ನೊಂದೇ ಗೇಮ್ ಗೆದ್ದರೆ ಕಥೆ ಮುಗಿಯಿತು. ಕ್ರಿಕೆಟ್‌ನಲ್ಲಾದರೆ ರನ್ ರೇಟ್, ಓವರ್ ಎಂದು ಲೆಕ್ಕ ಹಾಕುತ್ತಾ ಕೂರಬಹುದು. ಟೆನಿಸ್‌ನಲ್ಲಿ ಸಮಯ ಮುಗಿದು ಪಂದ್ಯ ಮುಗಿಯುವುದಿಲ್ಲ, ಕೊನೆಯ ಪಾಯಿಂಟ್ ಬೀಳುವ ತನಕ ಆಟ ಜೀವಂತ. ಇವರು 3-5, 4-5 ಎಂದು ಒಂದೊಂದೇ ಗೇಮ್ ಎತ್ತಿಕೊಂಡು 5-5 ಮಾಡಿದರು. ಅಷ್ಟರಲ್ಲಿ ಸಂಜೆಗತ್ತಲಾಗಿ ಆಟ ನಿಲ್ಲಿಸಿ ಕೋರ್ಟಿನ ಮೇಲ್ಛಾವಣಿ ಮುಚ್ಚಿ ದೀಪ ಹಾಕಿದರು. ಮರಳಿ ಬಂದು ಉಳಿದೆರಡು ಗೇಮ್‌ಗಳನ್ನೂ ಗೆದ್ದರು: 5-7, 7-6, 7-5. ಸೋಲಿನ ಅಂಚಿನಿಂದ ಸತತ ಐದು ಗೇಮ್. ಮಹಿಳೆಯರ ಡಬಲ್ಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್ ಗೆದ್ದ ಮೊದಲ ಭಾರತೀಯ ಮಹಿಳೆ ಎಂಬ ಹೆಸರು ಆ ಐದು ಗೇಮ್‌ಗಳಲ್ಲಿ ಬಂತು. ಈ ಪಂದ್ಯದ ಕೊನೆಯ ಭಾಗದ ವಿಡಿಯೊ ಸಿಕ್ಕರೆ ನೋಡಿ. ಪರೀಕ್ಷೆಯ ಹಿಂದಿನ ದಿನ ಬೇಡ.

ಅದೇ ವಿಂಬಲ್ಡನ್‌ನಲ್ಲಿ ಮಹಿಳೆಯರ ಸಿಂಗಲ್ಸ್ ಗೆದ್ದವರಿಗೆ ಸಿಕ್ಕ ಬಹುಮಾನ 18.8 ಲಕ್ಷ ಪೌಂಡ್. ಡಬಲ್ಸ್ ಗೆದ್ದ ಜೋಡಿಗೆ, ಇಬ್ಬರಿಗೂ ಸೇರಿ, 3.4 ಲಕ್ಷ ಪೌಂಡ್. ನಮ್ಮ ಬಾಯಲ್ಲಿ ಬರುವ 'ಮಾತ್ರ' ಟೆನಿಸ್ ಲೋಕದ ಖಜಾನೆಯಲ್ಲೂ ಇದೆ ಎಂದಾಯಿತು. ಟಿವಿಯಲ್ಲೂ ಡಬಲ್ಸ್ ಪಂದ್ಯಗಳಿಗೆ ಸಿಂಗಲ್ಸ್‌ನಷ್ಟು ಜಾಗವಿಲ್ಲ. ಕಡಿಮೆ ಜನ ನೋಡುವುದೆಲ್ಲ ಸುಲಭ ಎಂದು ನಾವು ತಿಳಿಯುತ್ತೇವೆ.

ವಿಂಬಲ್ಡನ್ ನಂತರ ಆಗಸ್ಟ್‌ನಲ್ಲಿ ಸಿನ್ಸಿನಾಟಿಯಲ್ಲಿ ಒಂದು ಸೋಲು. ಅಲ್ಲಿಂದ ಮುಂದೆ ಸಾನಿಯಾ-ಹಿಂಗಿಸ್ ಸತತ 41 ಪಂದ್ಯ ಗೆದ್ದರು. ಯುಎಸ್ ಓಪನ್, ಗ್ವಾಂಗ್‌ಝೌ, ವುಹಾನ್, ಬೀಜಿಂಗ್, ಸಿಂಗಾಪುರದ ಡಬ್ಲ್ಯುಟಿಎ ಫೈನಲ್ಸ್, ಬ್ರಿಸ್ಬೇನ್, ಸಿಡ್ನಿ, 2016ರ ಆಸ್ಟ್ರೇಲಿಯನ್ ಓಪನ್, ಸೇಂಟ್ ಪೀಟರ್ಸ್‌ಬರ್ಗ್ ಎಲ್ಲವೂ ಇವರ ಪಾಲಿಗೆ. ನಾಲ್ಕು ಖಂಡ, ಬೇರೆ ಬೇರೆ ಹವಾಮಾನ, ಆರು ತಿಂಗಳು, ಒಂಬತ್ತು ಟ್ರೋಫಿ. 2016ರ ಫೆಬ್ರವರಿಯಲ್ಲಿ ದೋಹಾದಲ್ಲಿ ಸರಣಿ ಮುರಿಯಿತು. ಮುರಿದ ಜೋಡಿಯಲ್ಲಿ ಒಬ್ಬರು ಯಾರು ಗೊತ್ತೇ? ಮತ್ತೆ ವೆಸ್ನಿನಾ. ಅಳತೆ ತಪ್ಪಬಾರದೆಂದು ಇದನ್ನೂ ಹೇಳಿಬಿಡುತ್ತೇನೆ: 1983ರಿಂದ 1985ರವರೆಗೆ ಮಾರ್ಟಿನಾ ನವ್ರಾಟಿಲೋವಾ ಮತ್ತು ಪ್ಯಾಮ್ ಶ್ರೈವರ್ ಸತತ 109 ಪಂದ್ಯ ಗೆದ್ದ ದಾಖಲೆ ಹಾಗೇ ಇದೆ. ಅದರ ಎದುರು 41 ಅರ್ಧವೂ ಅಲ್ಲ. ಆದರೂ ಟೆನಿಸ್‌ನಲ್ಲಿ ಪೈಪೋಟಿ ಹೆಚ್ಚಿರುವ ಈ ಕಾಲದಲ್ಲಿ 41 ಚಿಕ್ಕ ಮಾತಲ್ಲ.

ಇನ್ನು ನನಗೆ ಅತ್ಯಂತ ಮೆಚ್ಚುಗೆಯಾದ ಅಂಕಿ: 91. ಸಾನಿಯಾ ನಂಬರ್ 1 ಸ್ಥಾನದಲ್ಲಿದ್ದ ವಾರಗಳು, ಅದೂ ಎಡೆಬಿಡದೆ. ಇದರ ಬೆಲೆ ತಿಳಿಯಲು ರ್ಯಾಂಕಿಂಗ್ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಪ್ರತಿ ಟೂರ್ನಿಗೂ ಅಂಕಗಳಿವೆ, ಗ್ರ್ಯಾಂಡ್‌ಸ್ಲಾಮ್ ಗೆದ್ದರೆ 2000. ಡಬಲ್ಸ್‌ನಲ್ಲಿ ಆಗ ಒಬ್ಬರ ಅತ್ಯುತ್ತಮ 11 ಟೂರ್ನಿಗಳ ಅಂಕ ಕೂಡಿಸುತ್ತಿದ್ದರು. ಜೋಡಿಯಾಗಿ ಆಡಿದರೂ ರ್ಯಾಂಕ್ ಮಾತ್ರ ಒಬ್ಬೊಬ್ಬರದೇ. ಮುಖ್ಯ ವಿಷಯ ಏನೆಂದರೆ, ಅಂಕಗಳ ಆಯುಷ್ಯ 52 ವಾರ. ಕಳೆದ ವರ್ಷ ಇದೇ ವಾರ ಗಳಿಸಿದ್ದು ಈ ವಾರ ಖಾತೆಯಿಂದ ಅಳಿದುಹೋಗುತ್ತದೆ. ನಮ್ಮ ಅಕೌಂಟೆನ್ಸಿಯಲ್ಲಿ ಅಂತಿಮ ಶಿಲ್ಕು ಮುಂದಿನ ವರ್ಷಕ್ಕೆ ಆರಂಭಿಕ ಶಿಲ್ಕಾಗಿ ಬರುತ್ತದಲ್ಲ, ಇಲ್ಲಿ ಹಾಗಿಲ್ಲ. ಕಳೆದ ವರ್ಷ ವಿಂಬಲ್ಡನ್ ಗೆದ್ದವರು ಈ ವರ್ಷ ಬೇಗ ಸೋತರೆ, ಆ 2000ದ ಬಹುಭಾಗ ಒಂದೇ ದಿನದಲ್ಲಿ ಮಾಯ. ಒಮ್ಮೆ ಮೇಲೇರಲು ಒಂದು ಒಳ್ಳೆಯ ವರ್ಷ ಸಾಕು. 91 ವಾರ ಅಲ್ಲೇ ಉಳಿಯಬೇಕಾದರೆ ಆ ಒಳ್ಳೆಯ ವರ್ಷವನ್ನು ಮತ್ತೊಮ್ಮೆ ಆಡಿ ತೋರಿಸಬೇಕು.

ಅದೂ ಜೊತೆಗಾರ್ತಿ ಬದಲಾದ ಮೇಲೆ. ವಿಂಬಲ್ಡನ್, ಯುಎಸ್, ಆಸ್ಟ್ರೇಲಿಯನ್ ಮೂರನ್ನೂ ಕೈಯಲ್ಲಿಟ್ಟುಕೊಂಡು 2016ರ ಫ್ರೆಂಚ್ ಓಪನ್‌ಗೆ ಹೋದ ಈ ಜೋಡಿ ಮೂರನೇ ಸುತ್ತಿನಲ್ಲೇ ಸೋತಿತು. ಮಹಿಳೆಯರ ಡಬಲ್ಸ್‌ನ ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಸಾನಿಯಾಗೆ ಕೊನೆಗೂ ಸಿಗದೇ ಉಳಿದದ್ದು ಇದೊಂದೇ ಟ್ರೋಫಿ, ಫ್ರೆಂಚ್ ಓಪನ್. ಆಗಸ್ಟ್‌ನಲ್ಲಿ ಇಬ್ಬರೂ ಬೇರೆಯಾದರು. ಒಟ್ಟಿಗೆ ಗೆದ್ದದ್ದು 14 ಪ್ರಶಸ್ತಿ. ಕೆಲವೇ ದಿನಗಳಲ್ಲಿ ಸಿನ್ಸಿನಾಟಿ ಫೈನಲ್‌ನಲ್ಲಿ ಇಬ್ಬರೂ ಬೇರೆ ಬೇರೆ ಜೋಡಿಯಾಗಿ ಎದುರಾದರು. ಸಾನಿಯಾ ಝೆಕ್ ಆಟಗಾರ್ತಿ ಬಾರ್ಬೊರಾ ಸ್ಟ್ರೈಕೋವಾ ಜೊತೆ ಆಡಿ ಹಿಂಗಿಸ್ ಅವರನ್ನು ಸೋಲಿಸಿದರು. ಹಿಂಗಿಸ್ ಇದ್ದುದರಿಂದಲೇ ಇವರು ಗೆದ್ದರು ಎನ್ನುವವರಿಗೆ ಈ ಪಂದ್ಯ ತೋರಿಸಬಹುದು. 2017ರ ಜನವರಿಯಲ್ಲಿ ನಂಬರ್ 1 ಸ್ಥಾನ ಹೋದ ಬಗೆಯೂ ತಮಾಷೆಯದು. ಅಮೆರಿಕದ ಬೆಥನಿ ಮ್ಯಾಟೆಕ್-ಸ್ಯಾಂಡ್ಸ್ ಜೊತೆ ಸಾನಿಯಾ ಬ್ರಿಸ್ಬೇನ್ ಟೂರ್ನಿ ಗೆದ್ದರು. ಆ ಗೆಲುವಿನ ಅಂಕಗಳಿಂದ ನಂಬರ್ 1 ಆದವರು ಪಕ್ಕದಲ್ಲಿ ನಿಂತಿದ್ದ ಬೆಥನಿ! ಟ್ರೋಫಿ ಇಬ್ಬರಿಗೂ, ಪಟ್ಟ ಅವರಿಗೆ.

ಸಾಧನೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಒಮ್ಮೆ ನಮ್ಮ ರಾಜ್ಯದ ಹೈಕೋರ್ಟ್‌ಗೂ ಬಂದಿತ್ತು. 2015ರಲ್ಲಿ ಸಾನಿಯಾಗೆ ರಾಜೀವ್ ಗಾಂಧಿ ಖೇಲ್ ರತ್ನ ಪ್ರಶಸ್ತಿ ಘೋಷಣೆಯಾದಾಗ ಅದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್‌ಗೆ ಹೋದವರು ಎಚ್.ಎನ್. ಗಿರೀಶ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಹೈಜಂಪ್‌ನಲ್ಲಿ ಬೆಳ್ಳಿ ಗೆದ್ದ ನಮ್ಮ ರಾಜ್ಯದವರು. ಪ್ರಶಸ್ತಿಗೆ ನಿಗದಿಯಾದ ಅಂಕಪಟ್ಟಿಯ ಪ್ರಕಾರ ತಾವೇ ಮುಂದಿದ್ದೇವೆ ಎಂಬುದು ಅವರ ವಾದ. ಕೋರ್ಟ್ ನೋಟಿಸ್ ನೀಡಿತು. ಪ್ರಶಸ್ತಿ ಪ್ರದಾನ ಆಗಸ್ಟ್ 29ರಂದು ನಡೆಯಿತು. ಆ ಅಂಕಪಟ್ಟಿ ನಿಂತಿದ್ದದ್ದು ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ನಂಥ ಕೂಟಗಳ ಪದಕಗಳ ಮೇಲೆ. ಟೆನಿಸ್ ಆಟಗಾರರ ಜೀವನವೋ ಗ್ರ್ಯಾಂಡ್‌ಸ್ಲಾಮ್‌ಗಳ ಮೇಲೆ ನಿಂತದ್ದು. ನನ್ನ ಅಭಿಪ್ರಾಯ ಕೇಳಿದರೆ, ಗಿರೀಶ ಅವರ ಪ್ರಶ್ನೆ ನ್ಯಾಯವಾದದ್ದೇ. ಒಂದು ಕಾಲಿನ ಊನವನ್ನು ಮೀರಿ ಹಾರಿದವರಿಗೆ ಲೆಕ್ಕ ಕೇಳುವ ಹಕ್ಕಿದೆ. ವಿಂಬಲ್ಡನ್ನನ್ನು ಅಳೆಯಲು ಬಾರದ ಪಟ್ಟಿಯಲ್ಲೇ ಕೊರತೆ ಇತ್ತು. ಅಂದಹಾಗೆ ಪದಕಗಳಲ್ಲೂ ಸಾನಿಯಾ ಹಿಂದಿರಲಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಸೇರಿ ಎಂಟು ಪದಕಗಳಿವೆ. ಅರ್ಜುನ, ಪದ್ಮಶ್ರೀ, ಪದ್ಮಭೂಷಣಗಳೂ ಬಂದಿವೆ.

ಆಟದ ಹೊರಗಿನ ಮಾತುಗಳು ಇಷ್ಟೆಲ್ಲದರ ನಡುವೆಯೂ ನಿಲ್ಲಲಿಲ್ಲ. 2005ರಲ್ಲಿ ಉಡುಪಿನ ಬಗ್ಗೆ ಆಕ್ಷೇಪ ನಮ್ಮವರಿಂದಲೇ ಬಂತು. 2010ರಲ್ಲಿ ಪಾಕಿಸ್ತಾನದ ಕ್ರಿಕೆಟಿಗ ಶೋಯಬ್ ಮಲಿಕ್ ಅವರನ್ನು ಮದುವೆಯಾದ ಮೇಲೆ ದೇಶಪ್ರೇಮದ ಪ್ರಶ್ನೆ ಬೇರೆಯವರಿಂದ ಬಂತು. 2014ರಲ್ಲಿ ತೆಲಂಗಾಣದ ರಾಯಭಾರಿಯಾದಾಗ ಅವರನ್ನು ಪಾಕಿಸ್ತಾನದ ಸೊಸೆ ಎಂದು ಕರೆದರು. ಎರಡೂ ಕಡೆಯವರಿಗೆ ಬೇಕಿದ್ದದ್ದು ಸಾನಿಯಾ ಹೇಗಿರಬೇಕು ಎಂಬ ತೀರ್ಪು. ಸ್ಕೋರ್ ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ 2006ರ ಬೆಂಗಳೂರು ಓಪನ್‌ನ ಡಬಲ್ಸ್ ಪ್ರಶಸ್ತಿಯನ್ನು ದಕ್ಷಿಣ ಆಫ್ರಿಕಾ ಮೂಲದ ಲೀಝೆಲ್ ಹ್ಯೂಬರ್ ಜೊತೆ ಗೆದ್ದಿದ್ದ ಸಾನಿಯಾ, 2008ರಲ್ಲಿ ಅದೇ ಟೂರ್ನಿಯಿಂದ ದೂರ ಉಳಿದರು. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ವಿವಾದ ಎದ್ದೇಳುತ್ತದೆ ಎಂಬುದೇ ಕಾರಣ. ತನ್ನ ದೇಶದಲ್ಲಿ ಆಡುವುದೇ ಕಷ್ಟವಾದ ಆಟಗಾರ್ತಿಯನ್ನು ನೋಡಲು ಆ ವರ್ಷ ಟಿಕೆಟ್ ಕೊಳ್ಳಬೇಕೆಂದಿದ್ದವರಿಗೆ ಎಷ್ಟು ಬೇಸರವಾಗಿರಬಹುದು ಎಂದು ಯೋಚಿಸುತ್ತೇನೆ.

2016ರಲ್ಲಿ ಅವರ ಆತ್ಮಕಥೆ ಬಂದ ಸಂದರ್ಭ ಟಿವಿ ಸಂದರ್ಶನವೊಂದರಲ್ಲಿ, ಬದುಕಿನಲ್ಲಿ ನೆಲೆಗೊಳ್ಳುವುದು ಯಾವಾಗ, ತಾಯ್ತನ ಯಾವಾಗ ಎಂದು ಕೇಳಿದರು. ವಿಶ್ವದ ನಂಬರ್ 1 ಆಗಿರುವುದು ನೆಲೆಗೊಂಡಂತೆ ನಿಮಗೆ ಕಾಣುವುದಿಲ್ಲವೇ ಎಂಬ ಅರ್ಥದಲ್ಲಿ ಸಾನಿಯಾ ಮರುಪ್ರಶ್ನೆ ಹಾಕಿದರು. ಗಂಡಸು ಆಟಗಾರನಿಗೆ ಈ ಪ್ರಶ್ನೆ ಕೇಳುತ್ತಿರಲಿಲ್ಲ ಎಂದು ಒಪ್ಪಿ ಸಂದರ್ಶಕರು ಅಲ್ಲೇ ಕ್ಷಮೆ ಕೇಳಿದರು.

ತಾಯ್ತನವೂ ಬಂತು. 2018ರ ಅಕ್ಟೋಬರ್‌ನಲ್ಲಿ ಮಗ ಇಝಾನ್ ಹುಟ್ಟಿದ. ಎರಡು ವರ್ಷಕ್ಕೂ ಹೆಚ್ಚು ಕಾಲ ಆಟದಿಂದ ದೂರವಿದ್ದು, ಹೆರಿಗೆಯ ಬಳಿಕ ಸುಮಾರು 26 ಕೆ.ಜಿ. ತೂಕ ಇಳಿಸಿ, 2020ರ ಜನವರಿಯಲ್ಲಿ ಹೋಬಾರ್ಟ್‌ನಲ್ಲಿ ಮರಳಿ ಆಡಿದ ಮೊದಲ ಟೂರ್ನಿಯಲ್ಲೇ ಉಕ್ರೇನಿನ ನಾಡಿಯಾ ಕಿಚೆನೋಕ್ ಜೊತೆ ಪ್ರಶಸ್ತಿ ಗೆದ್ದರು. ಅದು ಡಬಲ್ಸ್‌ನಲ್ಲಿ ಅವರ 42ನೇ ಪ್ರಶಸ್ತಿ. ಅದೇ ಮಾರ್ಚ್‌ನಲ್ಲಿ, ದೇಶಗಳ ತಂಡಗಳು ಆಡುವ ಫೆಡ್ ಕಪ್‌ನಲ್ಲಿ ಭಾರತ ಮೊದಲ ಬಾರಿ ಪ್ಲೇಆಫ್‌ಗೆ ಏರಿದಾಗ ತಂಡದಲ್ಲಿ ಅವರಿದ್ದರು. 43ನೆಯದು, ಕೊನೆಯದು, 2021ರಲ್ಲಿ ಝೆಕ್ ದೇಶದ ಒಸ್ಟ್ರಾವಾದಲ್ಲಿ ಚೀನಾದ ಝಾಂಗ್ ಶುವಾಯ್ ಜೊತೆ.

ಒಲಿಂಪಿಕ್ ಪದಕ ಮಾತ್ರ ಸಿಗಲಿಲ್ಲ. ತೀರಾ ಹತ್ತಿರ ಬಂದದ್ದು 2016ರ ರಿಯೋದಲ್ಲಿ, ಕೊಡಗಿನ ರೋಹನ್ ಬೋಪಣ್ಣ ಜೊತೆ ಮಿಶ್ರ ಡಬಲ್ಸ್‌ನಲ್ಲಿ. ಸೆಮಿಫೈನಲ್ ಸೋತು, ಕಂಚಿನ ಪಂದ್ಯವನ್ನೂ ಸೋತು ನಾಲ್ಕನೆಯವರಾದರು. ಬೋಪಣ್ಣ ಹೊಸಬರೇನಲ್ಲ, ಸಾನಿಯಾಗೆ 14 ವರ್ಷವಿದ್ದಾಗ ಮಿಶ್ರ ಡಬಲ್ಸ್‌ನಲ್ಲಿ ಅವರ ಮೊತ್ತಮೊದಲ ಜೊತೆಗಾರ ಇವರೇ. 2023ರ ಜನವರಿಯಲ್ಲಿ, ಇದೇ ತನ್ನ ಕೊನೆಯ ಗ್ರ್ಯಾಂಡ್‌ಸ್ಲಾಮ್ ಎಂದು ಮೊದಲೇ ಹೇಳಿ ಸಾನಿಯಾ ಮೆಲ್ಬರ್ನ್‌ಗೆ ಹೋದಾಗ ಮತ್ತೆ ಜೊತೆಯಾದರು. ಸಾನಿಯಾಗೆ 36, ಬೋಪಣ್ಣಗೆ 42. ಇಬ್ಬರೂ ಫೈನಲ್ ತಲುಪಿ ಬ್ರೆಝಿಲ್ ಜೋಡಿಗೆ 6-7, 2-6ರಲ್ಲಿ ಸೋತರು. ಬಹುಮಾನ ವಿತರಣೆಯಲ್ಲಿ ಮಾತಾಡುತ್ತಾ ಸಾನಿಯಾ 2005ನ್ನು ನೆನೆದರು: 18ರ ವಯಸ್ಸಿನಲ್ಲಿ ಸೆರೆನಾ ಎದುರು ಆಡಿದ್ದೂ ಇದೇ ಮೆಲ್ಬರ್ನ್‌ನಲ್ಲಿ. ಮಾತಿನ ನಡುವೆ ಕಣ್ಣೀರು ಬಂತು.

ಫೆಬ್ರವರಿ 21ರಂದು ದುಬೈಯಲ್ಲಿ ಮ್ಯಾಡಿಸನ್ ಕೀಸ್ ಜೊತೆ ಮೊದಲ ಸುತ್ತಿನಲ್ಲೇ ಸೋತು ವೃತ್ತಿ ಮುಗಿಸಿದರು. 18 ವರ್ಷ ಹಿಂದೆ ಕುಜ್ನೆತ್ಸೋವಾ ಅವರನ್ನು ಸೋಲಿಸಿದ್ದು ಅದೇ ಊರಿನಲ್ಲಿ. ಅದೇ ತಿಂಗಳು ಆರ್‌ಸಿಬಿಯ ಹೊಸ ಮಹಿಳಾ ಕ್ರಿಕೆಟ್ ತಂಡ ಅವರನ್ನು ಮಾರ್ಗದರ್ಶಕಿಯಾಗಿ ನೇಮಿಸಿತು. ಕ್ರಿಕೆಟ್ ಆಡದವರು ಅಲ್ಲೇನು ಕಲಿಸುತ್ತಾರೆ ಎಂದು ಆಗ ಕೆಲವರು ನಕ್ಕಿದ್ದರು. ಬ್ಯಾಟ್ ಹಿಡಿಯುವುದನ್ನಲ್ಲ, ಒತ್ತಡವನ್ನು ನಿಭಾಯಿಸುವುದನ್ನು ಹೇಳಿಕೊಡಬಲ್ಲೆ ಎಂಬುದು ಸಾನಿಯಾ ಅವರ ಉತ್ತರವಾಗಿತ್ತು.